ಯಾರು ಹೇಳಿದ್ದು? ಯಾರಿಗೆ ಲಾಭ?

ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಚ್ಚುವ ತಾಯಿಯ ಮಗಳಿಗೆ ಕೂದಲು ಗಂಟು ಕಟ್ಟುತ್ತದೆ. ಎಣ್ಣೆಯಿಲ್ಲ, ಬಾಚಲು ಹೊತ್ತಿಲ್ಲ, ಬೆವರು, ಕೆಸರು. ಕೇರಿಗೆ ಮಾತು ಬರುತ್ತದೆ: “ಅವ್ವ ಬಂದಾಳ. ಕತ್ತರಿ ಮುಟ್ಟಿಸಬ್ಯಾಡ್ರಿ. ಹುಡುಗೀನ ದೇವರಿಗೆ ಬಿಡ್ರಿ.” ಗಂಟು ಜಡೆಯಾಗುತ್ತದೆ, ಜಡೆ ಅಪ್ಪಣೆಯಾಗುತ್ತದೆ, ಅಪ್ಪಣೆ ಮುತ್ತು ಕಟ್ಟುವಲ್ಲಿಗೆ ಹೋಗಿ ನಿಲ್ಲುತ್ತದೆ. ದೇವದಾಸಿ ಬಿಡುವುದು ಅಪರಾಧವೆಂದು 1982ರಲ್ಲೇ ಕಾಯ್ದೆಯಾಯಿತು. ಆ ಮಾತು ಮಾತ್ರ ಕೇರಿ ಬಿಟ್ಟು ಹೋಗಲಿಲ್ಲ.

ಗೆಳೆಯರೇ, ಇದೂ ಆರೋಗ್ಯದ ಬಗ್ಗೆ ನಮಗೆ ಕೊಟ್ಟ ತಿಳುವಳಿಕೆಯೇ. ಗೌಡರ ಮಗಳ ಕೂದಲು ಗಂಟಾದರೆ ಸೀಗೇಕಾಯಿ; ನಮ್ಮ ಮಗಳದು ಗಂಟಾದರೆ ದೇವಿ! ಈ ದೇವಿಗೆ ಜಾತಿ ಯಾಕೆ ಇಷ್ಟು ಚೆನ್ನಾಗಿ ಗೊತ್ತು? ಹುಡುಗಿ ದೇವರ ಪಾಲಾದರೆ ಆಕೆಯ ಮೈ ಯಾರ ಪಾಲಾಗುತ್ತದೆ? ಇಷ್ಟು ಕೇಳಿದರೆ ಸಾಕು, ಆ ಮಾತು ಎಲ್ಲಿಂದ ಹುಟ್ಟಿತೆಂದು ತಿಳಿಯುತ್ತದೆ. ಕತ್ತರಿ ಹಿಡಿಯಿರಿ. ಕೂದಲು ಮತ್ತೆ ಬೆಳೆಯುತ್ತದೆ. ಹುಡುಗಿಯ ಬದುಕು ಮತ್ತೆ ಬರುವುದಿಲ್ಲ.

ದೇವರ ಹೆಸರು ಹೇಳುವವರನ್ನು ಬಿಟ್ಟು ವಿಜ್ಞಾನದ ಹೆಸರು ಹೇಳುವವರ ಹತ್ತಿರ ಬರೋಣ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಜೊತೆಗೆ ಸಿಲಿಕಾ ತುಂಬಿದ ಕಲ್ಲಿನ ಪದರಗಳಿವೆ. ಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಧೂಳು ವರ್ಷಗಟ್ಟಲೆ ಎದೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಬಂದರೆ ವಾಸಿಯಾಗುವುದಿಲ್ಲ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಟಿಬಿಯಂತೆ ಕಾಣುತ್ತದೆ, ಟಿಬಿ ಗುಳಿಗೆಗೆ ಬಗ್ಗುವುದಿಲ್ಲ. ಧೂಳು ಹೊಕ್ಕ ಎದೆಗೆ ನಿಜವಾದ ಟಿಬಿಯೂ ಬೇಗ ಹತ್ತುತ್ತದೆ. ಈಗ ನೋಡಿ ಹುನ್ನಾರ: ಚೀಟಿಯಲ್ಲಿ ಟಿಬಿ ಎಂದು ಬರೆದರೆ ತಪ್ಪು ಕೂಲಿಯವನ ಬೀಡಿಯದು, ಹೆಂಡದ್ದು, ಗುಡಿಸಲಿನದು. ಸಿಲಿಕೋಸಿಸ್ ಎಂದು ಬರೆದರೆ ತಪ್ಪು ಗಣಿಯದು, ಮಾಲಕ ಪರಿಹಾರ ಕೊಡಬೇಕು. ಒಂದು ಶಬ್ದದ ಬೆಲೆ ಅಷ್ಟು! ಸಂಬಳ ಕೊಡುವವನ ಶಿಬಿರದಲ್ಲಿ, ಸಂಬಳ ತಗೊಳ್ಳುವ ಡಾಕ್ಟರು “ಏನೂ ಆಗಿಲ್ಲ, ಹೋಗಪ್ಪ” ಅಂದರೆ ಆ ಮಾತನ್ನು ಹಾಗೇ ನುಂಗಬೇಡಿ. ನಿಮ್ಮ ಎಕ್ಸ್‌ರೇ ನಿಮ್ಮ ಕೈಗೆ ಕೇಳಿ. ಮಾಲಕನ ಹಂಗಿಲ್ಲದ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

2011ರ ಲೋಕಾಯುಕ್ತ ವರದಿ ಬಳ್ಳಾರಿಯಿಂದ ಕದ್ದು ಹೋದ ಅದಿರಿನ ಲೆಕ್ಕ ಬರೆಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ಅದಿರಿನ ಟನ್ನಿಗೆ ಲೆಕ್ಕ ಸಿಕ್ಕಿತು. ಅದನ್ನು ಅಗೆದವರ ಎದೆಯ ಲೆಕ್ಕ ಬರೆದವರು ಯಾರು? ಎಣಿಸದೇ ಬಿಟ್ಟು “ಇಲ್ಲಿ ಕಾಯಿಲೆಯೇ ಇಲ್ಲ” ಎನ್ನುವುದು ಸುಳ್ಳುಗಳಲ್ಲೇ ದೊಡ್ಡ ಸುಳ್ಳು.

ಹಾಗಾದರೆ ಸರ್ಕಾರದ ಸೀಲು ಬಿದ್ದರೆ ನಂಬಬಹುದೇ? ಕಂಪ್ಲಿ, ಸಂಡೂರಿನವರಿಗೆ ದೊಡ್ಡಾಸ್ಪತ್ರೆ ಅಂದರೆ ಬಳ್ಳಾರಿ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಕಿಡ್ನಿ ಕೆಟ್ಟವು. ಐವರು ತೀರಿಕೊಂಡರು. ಅನುಮಾನ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಅದಕ್ಕೂ ಮೊದಲೇ ಕಳಪೆ ಎಂದಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿಯಿದೆ ಎಂದಿತು. ತಡೆದಿದ್ದ ಬಾಟಲಿಗಳು ಮತ್ತೆ ಹೊರಬಂದವು. ಹೆಣ ಬಿದ್ದ ಮೇಲೆ ರಾಜ್ಯದ ಔಷಧ ನಿಯಂತ್ರಕರ ಅಮಾನತು ಆಯಿತು. ಎರಡು ವರದಿ, ಎರಡಕ್ಕೂ ಸರ್ಕಾರದ ಸೀಲು! ಮಂಚದ ಮೇಲೆ ಮಲಗಿದವಳಿಗೆ ಒಂದನ್ನೂ ಯಾರೂ ಓದಿ ಹೇಳಲಿಲ್ಲ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅನುಮಾನವನ್ನು ಮೊದಲು ಎತ್ತಿದ್ದೂ ಒಂದು ಪರೀಕ್ಷೆಯೇ. ಆದ್ದರಿಂದ “ಆಸ್ಪತ್ರೆಯೇ ಬ್ಯಾಡ, ಇಂಜೆಕ್ಷನ್ ಎಲ್ಲಾ ಮೋಸ” ಎಂದು ಹೊಸಪೇಟೆಯ ಬಸ್‌ಸ್ಟ್ಯಾಂಡಿನಿಂದ ಮೊಬೈಲಿನವರೆಗೆ ಪುಡಿ ಮಾರುವವನು ನಮ್ಮವನಲ್ಲ. ಮಗುವಿಗೆ ಲಸಿಕೆ ಬಿಡಿಸಿ, ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಬಿಡಿಸಿ, ಅವನು ಬೇರೆ ಊರಿಗೆ ಹೋಗುತ್ತಾನೆ. ಹೆಣ ಹೊರುವವರು ನಾವು. ಸರ್ಕಾರಿ ಆಸ್ಪತ್ರೆ ನಮ್ಮದು. ಅದನ್ನು ಬಿಟ್ಟು ಓಡುವುದಲ್ಲ, ಅದರ ಮುಂದೆ ನಿಂತು ಲೆಕ್ಕ ಕೇಳುವುದು ನಮ್ಮ ಕೆಲಸ.

ಹಿರಿಯರು ಹೇಳಿದರೆಂದು, ಗ್ರಂಥದಲ್ಲಿದೆಯೆಂದು, ಗುರು ನುಡಿದನೆಂದು ನಂಬಬೇಡಿ, ಕೇಡೋ ಒಳಿತೋ ನೀವೇ ತೂಗಿ ನೋಡಿ ಎಂದು ಬುದ್ಧ ಕಾಲಾಮರಿಗೆ ತಿಳಿಸಿದ. ಬಾಬಾಸಾಹೇಬರು 1956ರಲ್ಲಿ ನಮ್ಮನ್ನು ಕರೆದೊಯ್ದದ್ದು ಆ ಬುದ್ಧನ ಹತ್ತಿರಕ್ಕೆ.

ಹಳ್ಳಿಯ ಮೇಷ್ಟ್ರುಗಳೇ, ನಾಳೆ ಕರಿಹಲಗೆಯ ಮೇಲೆ ಇಷ್ಟು ಬರೆಯಿರಿ: ಇದನ್ನು ಯಾರು ಹೇಳಿದರು? ಹೇಳಿದ್ದರಿಂದ ಅವರಿಗೇನು ಸಿಗುತ್ತದೆ? ಏನು ಪರೀಕ್ಷೆ ಮಾಡಿದರು? ಬೇರೆಯವರು ಮಾಡಿದರೂ ಅದೇ ಬಂತೇ? ಕಾಗದ ಎಲ್ಲಿ, ಕನ್ನಡದಲ್ಲಿ ಯಾಕಿಲ್ಲ? ಓದು ಬಾರದ ಅವ್ವಂದಿರಿಗೆ ಮಕ್ಕಳು ಮನೆಗೆ ಹೋಗಿ ಬಾಯಿಪಾಠ ಮಾಡಿಸಲಿ.

ಈ ಐದು ಪ್ರಶ್ನೆ ಪೂಜಾರಿಗೂ ಇರಲಿ, ಮಾಲಕನಿಗೂ ಇರಲಿ, ಮಂತ್ರಿಗೂ ಇರಲಿ. ಈ ಪತ್ರಿಕೆಯಲ್ಲಿ ಬರೆದ ನನಗೂ ಇರಲಿ.