ಚಕ್ರದ ಮೇಲಿನ ಮನೆ, ಪರರ ನೆಲ

ಬ್ರಿಟನ್ನಿನಲ್ಲಿ ಬಾಡಿಗೆ ಮನೆ ತೊರೆದು, ಮಲಗಲೂ ಅಡುಗೆಗೂ ಅನುವಿರುವ ಕ್ಯಾಂಪರ್ ವ್ಯಾನಿನಲ್ಲೇ ಬದುಕುತ್ತ ಯುರೋಪ್ ಪ್ರವಾಸಕ್ಕೆ ಅಣಿಯಾಗುವವರಿದ್ದಾರೆ. ಉಳಿಸಿದ ಬಾಡಿಗೆಯೇ ಅವರ ದಾರಿಖರ್ಚಿನ ಗಂಟು. 2021ರ ಜನವರಿಯಿಂದ ಷೆಂಗೆನ್ ಒಪ್ಪಂದದ ದೇಶಗಳಲ್ಲಿ ಅವರು ವೀಸಾ ಇಲ್ಲದೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹೊರಡುವ ಮುನ್ನವೇ ದಿನಗಳನ್ನು ಎಣಿಸಿಡಬೇಕು.

ಎಣಿಸಬೇಕಾದದ್ದು ದಿನಗಳನ್ನಷ್ಟೇ ಅಲ್ಲ. ತೊಟ್ಟಿಯ ನೀರು ಮುಗಿದರೆ ನಲ್ಲಿ ಒಣಗುತ್ತದೆ. ಮೋಡ ಕವಿದರೆ ಸೌರಫಲಕ ಸೊರಗುತ್ತದೆ. ಶೌಚದ ಡಬ್ಬಿಯನ್ನು ತಾವೇ ಹೊತ್ತು ಬರಿದುಮಾಡಬೇಕು. ನಗರದ ಮನೆ ಮರೆಮಾಚುವ ಲೆಕ್ಕವನ್ನು ವ್ಯಾನು ನಿತ್ಯವೂ ಕಣ್ಣೆದುರಿಗಿಡುತ್ತದೆ. ಈ ಬದುಕಿನ ಹಿರಿಮೆ ಇಲ್ಲಿದೆ.

ಆದರೆ ಆ ಡಬ್ಬಿ ಬರಿದಾಗುವುದೆಲ್ಲಿ? ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಬೆಟ್ಟಬಯಲುಗಳಲ್ಲಿ ಅಡ್ಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಮೋಟಾರು ವಾಹನಕ್ಕೆ ಕೊಡಲಿಲ್ಲ. ಇಂಥ ಪ್ರವಾಸಿಗರು ಬಹಳವಾಗಿ ಬರುವ ನ್ಯೂಜಿಲೆಂಡ್, 2023ರ ಕಾನೂನಿನಲ್ಲಿ, ಸ್ವಯಂಪೂರ್ಣವೆಂಬ ಪ್ರಮಾಣಪತ್ರ ಬೇಕಾದ ವಾಹನದೊಳಗೆ ಸ್ಥಿರ ಶೌಚವ್ಯವಸ್ಥೆ ಇರಲೇಬೇಕೆಂದು ವಿಧಿಸಿತು. ಇವನ್ನು ಸ್ವಾತಂತ್ರ್ಯಕ್ಕೆ ಹಾಕಿದ ಬೇಲಿ ಎಂದು ಹಳಿಯುವುದು ತಪ್ಪು. ವ್ಯಾನು ನಿಂತ ತಾಣದ ಕೆಳಗೂ ತೊರೆ ಹರಿಯುತ್ತದೆ, ಅದರ ನೀರು ಕುಡಿಯುವವರಿದ್ದಾರೆ.

ಪರದೇಶಕ್ಕೆ ಹೊರಡುವವರ ಸಿದ್ಧತೆ ಪಾಸ್‌ಪೋರ್ಟು, ವಿಮೆಗಳಿಗೆ ಮುಗಿಯದು. ತಮ್ಮ ಕೊಳೆಯನ್ನು ತಾವೇ ಹೊರಲು ಕಲಿತವರು ಮಾತ್ರ ಪರರ ನೆಲದಲ್ಲಿ ರಾತ್ರಿ ಕಳೆಯಲು ಅರ್ಹರು. ಬೆಟ್ಟದ ಮೇಲೆ ಬದುಕುವ ನಾವು ಬರುವ ಅತಿಥಿಗಳನ್ನು ಈ ಅಳತೆಯಿಂದಲೇ ಅಳೆಯೋಣ. ನಾವು ಅತಿಥಿಗಳಾಗಿ ಹೋದಾಗ ನಮ್ಮನ್ನೂ.