ಕಿಟಕಿಯನ್ನು ಬದಲಾಯಿಸುವ ಕಾಲ

ನಾವಿರುವುದು ಬೆಂಗಳೂರಿನ ಪಶ್ಚಿಮ ಭಾಗದ ಹೆಗ್ಗನಹಳ್ಳಿಯಲ್ಲಿ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಯಲ್ಲಿ, ಇಪ್ಪತ್ತು ಅಡಿ ಅಗಲ ಮೂವತ್ತು ಅಡಿ ಉದ್ದದ ನಿವೇಶನಗಳ ಮೇಲೆ ಮೂರು ನಾಲ್ಕು ಅಂತಸ್ತಿನ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿವೆ. ಇಂಥ ಮನೆಗೆ ಕಿಟಕಿ ಇಡಲು ಅನೇಕ ವೇಳೆ ಬೀದಿಯ ಕಡೆಯ ಗೋಡೆಯೊಂದೇ ಗತಿ. ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಮಾಲೀಕರು ನಡುಮನೆಯ ಮರದ ಕಿಟಕಿಯನ್ನು ತೆಗೆಸಿ, ಅಲ್ಯೂಮಿನಿಯಂ ಚೌಕಟ್ಟಿನ ಜಾರುಗಾಜಿನ ಕಿಟಕಿಯನ್ನು ಹಾಕಿಸಿದರು. ಅವರ ಉದ್ದೇಶ ಒಳ್ಳೆಯದೇ. ಕಿಟಕಿ ನೋಡಲು ಅಂದವಾಗಿತ್ತು. ಬೆಳಕೂ ಮೊದಲಿಗಿಂತ ಹೆಚ್ಚಾಯಿತು. ಆದರೆ ಮುಂದಿನ ಏಪ್ರಿಲಿನಲ್ಲಿ ರಾತ್ರಿ ಹನ್ನೊಂದು ಹೊಡೆದರೂ ಕೋಣೆ ತಣಿಯಲಿಲ್ಲ. ಕಾರಣವನ್ನು ಕಂಡುಕೊಳ್ಳಲು, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೇ ಒಂದು ವಾರ ಹಿಡಿಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ.

ಕಾರಣ ಬಹಳ ಸರಳ. ಹಳೆಯ ಕಿಟಕಿಗೆ ಎರಡು ರೆಕ್ಕೆಗಳಿದ್ದುವು. ಎರಡನ್ನೂ ತೆರೆದರೆ ಚೌಕಟ್ಟಿನ ಪೂರ್ಣ ವಿಸ್ತಾರವೂ ಗಾಳಿಗೆ ದೊರೆಯುತ್ತಿತ್ತು. ಹೊಸದರಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಎಷ್ಟು ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ. ಬೀಸುವ ಗಾಳಿ ಅಷ್ಟೇ ಇರುವಾಗ, ಒಳಕ್ಕೆ ಬರುವ ಗಾಳಿಯ ಪ್ರಮಾಣವು ತೆರಪಿನ ವಿಸ್ತೀರ್ಣವನ್ನು ಅನುಸರಿಸುತ್ತದೆ. ಮಾರುವವನ ಲೆಕ್ಕದಲ್ಲಿ ಎರಡು ಕಿಟಕಿಗಳೂ ನಾಲ್ಕಡಿಗೆ ನಾಲ್ಕಡಿ. ಗಾಳಿಯ ಲೆಕ್ಕದಲ್ಲಿ ಹೊಸದು ಹಳೆಯದರ ಅರ್ಧ ಮಾತ್ರ.

ಆದುದರಿಂದ, ಕಿಟಕಿಯನ್ನು ಬದಲಾಯಿಸುವ ಕಾಲ ಬಂದಿತೆ ಎಂಬುದನ್ನು ಅದರ ವಯಸ್ಸಿನಿಂದಾಗಲಿ ರೂಪದಿಂದಾಗಲಿ ನಿರ್ಣಯಿಸುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದು ಪೂರ್ತಿಯಾಗಿ ತೆರೆಯುತ್ತದೆಯೆ, ಭದ್ರವಾಗಿ ಮುಚ್ಚುತ್ತದೆಯೆ, ಮಳೆಯನ್ನು ಹೊರಗಿಡುತ್ತದೆಯೆ ಎಂದು ಕೇಳಬೇಕು.

ಈ ಅಭಿಪ್ರಾಯಕ್ಕೆ ವಿರುದ್ಧವಾಗಿ ಒಂದು ವಾದ ಕೇಳಿಬರುತ್ತದೆ. ಹಳೆಯ ಕಿಟಕಿಯ ಮೂಲಕ ಶಾಖ ಹರಿಯುತ್ತದೆ, ಎರಡು ಪದರ ಗಾಜಿನ ಕಿಟಕಿ ಅದನ್ನು ತಡೆಯುತ್ತದೆ ಎಂಬುದು ಆ ವಾದ. ಇದು ಸುಳ್ಳಲ್ಲ, ಆದರೆ ಶೀತದೇಶಗಳಲ್ಲಿ ಹುಟ್ಟಿದ ಮಾತು. ಒಂದು ಲೆಕ್ಕ ಮಾಡಿ ನೋಡೋಣ. ಒಂದು ಚದರ ಮೀಟರು ಒಂಟಿ ಗಾಜಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ಸೆಂಟಿಗ್ರೇಡಿನ ಅಂತರವಿದ್ದರೆ, ಸುಮಾರು 5.8 ವಾಟ್ ಶಾಖ ಸಾಗುತ್ತದೆ. ಎರಡು ಪದರದ ಗಾಜಿನಲ್ಲಿ ಇದು ಸುಮಾರು 2.8 ವಾಟ್. ನಾಲ್ಕಡಿ ಚೌಕದ ಕಿಟಕಿಯ ವಿಸ್ತೀರ್ಣ ಸುಮಾರು ಒಂದೂವರೆ ಚದರ ಮೀಟರು. ಹೊರಗೆ ಹಿಮ ಬಿದ್ದು, ಒಳಗೆ ಬೆಂಕಿ ಉರಿಯುವ ಊರಿನಲ್ಲಿ 30 ಡಿಗ್ರಿಯ ಅಂತರವಿದ್ದರೆ ಒಂಟಿ ಗಾಜಿನಿಂದ ಹಗಲೂ ರಾತ್ರಿಯೂ 260 ವಾಟ್ ನಷ್ಟವಾಗುತ್ತದೆ. ಅಲ್ಲಿ ಅರ್ಧ ಉಳಿಸಿದರೆ ದೊಡ್ಡ ಲಾಭ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಆ ಅಂತರ ಬಹುಪಾಲು ದಿನಗಳಲ್ಲಿ ಐದು ಡಿಗ್ರಿಯಷ್ಟಿದ್ದರೆ ಹೆಚ್ಚು. ಆಗ ಉಳಿತಾಯ 22 ವಾಟ್: ಒಂದು ಎಲ್‌ಇಡಿ ಕೊಳವೆದೀಪದಷ್ಟು!

ನಮ್ಮ ಕೋಣೆಗಳನ್ನು ಕಾಯಿಸುವ ಶಾಖ ಮುಖ್ಯವಾಗಿ ನೇರವಾದ ಬಿಸಿಲಿನದು. ಪಶ್ಚಿಮದ ಗೋಡೆಯ ಮೇಲೆ ಸಂಜೆ ನಾಲ್ಕರ ಬಿಸಿಲು ಚದರ ಮೀಟರಿಗೆ 500 ವಾಟ್ ಎಂದಿಟ್ಟುಕೊಂಡರೂ, ಅದೇ ಕಿಟಕಿಯ ಒಂಟಿ ಗಾಜಿನ ಮೂಲಕ 600 ವಾಟಿಗೂ ಹೆಚ್ಚು ಶಾಖ ಒಳನುಗ್ಗುತ್ತದೆ. ಸಾಧಾರಣವಾದ ಎರಡು ಪದರ ಗಾಜು ಹಾಕಿದರೂ ಅದರ ಮೇಲೆ ಬೀಳುವ ಬಿಸಿಲಿನ ನಾಲ್ಕರಲ್ಲಿ ಮೂರು ಪಾಲು ಒಳಬರುತ್ತದೆ. (ಬಿಸಿಲಿನ ಶಾಖವನ್ನು ಹಿಂದಿರುಗಿಸುವ ಲೇಪನದ ಗಾಜೂ ಉಂಟು, ಅದರ ಬೆಲೆಯನ್ನು ವಿಚಾರಿಸಿದವರು ಸಾಮಾನ್ಯವಾಗಿ ಎರಡನೆಯ ಸಲ ವಿಚಾರಿಸುವುದಿಲ್ಲ.) ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಸಜ್ಜಾ ಒಂದೇ ಸಾಲದು. ಕಿಟಕಿಯ ಹೊರಗೆ ಬಿದಿರಿನ ಪರದೆಯೊಂದನ್ನು ಇಳಿಬಿಟ್ಟರೆ ಹಣವೂ ಉಳಿಯುತ್ತದೆ, ಶಾಖವೂ ನಿಲ್ಲುತ್ತದೆ. ಪರದೆ ಹೊರಗೇ ಇರಬೇಕೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಾಜು ಬಿಸಿಲನ್ನು ಒಳಬಿಡುತ್ತದೆ. ಆದರೆ ಬಿಸಿಲಿನಿಂದ ಕಾದ ಬಟ್ಟೆ ಹೊರಸೂಸುವ ದೀರ್ಘ ತರಂಗದ ಅವಕೆಂಪು ಕಿರಣಗಳನ್ನು ಹೊರಬಿಡುವುದಿಲ್ಲ. ಒಳಗಿನ ಪರದೆ ಕಾದರೆ ಆ ಶಾಖದ ಬಹುಪಾಲು ಕೋಣೆಯದೇ ಆಗುತ್ತದೆ.

ಸೆಕೆಯನ್ನು ಹೇಗೋ ಸಹಿಸಬಹುದು. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಉಸಿರಾಟದ ವಿಷಯ. ನಮ್ಮ ಬೀದಿಯಲ್ಲಿ ಹತ್ತಡಿ ಚೌಕದ ಕೋಣೆಯೊಂದನ್ನು ಕಾರ್ಖಾನೆಗೆ ಹೋಗುವ ನಾಲ್ವರು ತರುಣರು ಹಂಚಿಕೊಂಡಿದ್ದಾರೆ. ಎತ್ತರವೂ ಹತ್ತಡಿ ಎಂದರೆ ಅದರಲ್ಲಿ ಹಿಡಿಯುವ ಗಾಳಿ ಸುಮಾರು 28,000 ಲೀಟರು. ನಿದ್ರಿಸುವ ಒಬ್ಬನು ಗಂಟೆಗೆ ಸುಮಾರು 12 ಲೀಟರು ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ಹೊರಬಿಡುತ್ತಾನೆ. ಗಾಳಿ ಸ್ವಲ್ಪವೂ ಬದಲಾಗದಿದ್ದರೆ, ಎಂಟು ಗಂಟೆಗಳಲ್ಲಿ ಅದು ಹತ್ತು ಲಕ್ಷ ಭಾಗಗಳಲ್ಲಿ 13,000ಕ್ಕೂ ಮೇಲೇರಬೇಕು; ಹೊರಗಿನ ಗಾಳಿಯಲ್ಲಿ ಇರುವುದು 420ಕ್ಕಿಂತ ತುಸು ಹೆಚ್ಚು. ಬಾಗಿಲು ಕಿಟಕಿಗಳ ಸಂದುಗಳ ದಯದಿಂದ ನಿಜವಾದ ಕೋಣೆಯಲ್ಲಿ ಇಷ್ಟಾಗುವುದಿಲ್ಲ. ಆದರೆ ಹೊಸ ಕಿಟಕಿಯ ರಬ್ಬರು ಪಟ್ಟಿಗಳು ಮುಚ್ಚುವುದು ಆ ಸಂದುಗಳನ್ನೇ ಅಲ್ಲವೆ? ಒಬ್ಬನಿಗೆ ಕ್ಷಯವಿದ್ದರೆ ಅದರ ರೋಗಾಣುಗಳೂ ಇದೇ ಗಾಳಿಯಲ್ಲಿ ತೇಲುತ್ತಿರುತ್ತವೆ. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಳತೆಗಳು ಇಲ್ಲಿ ನೆನಪಾಗುತ್ತವೆ. ಕಿಟಕಿಗಳನ್ನು ತೆರೆದಿಟ್ಟಾಗ, 1950ಕ್ಕೆ ಮೊದಲು ಕಟ್ಟಿದ ಎತ್ತರದ ಚಾವಣಿಯ, ದೊಡ್ಡ ಕಿಟಕಿಗಳ ಕೋಣೆಗಳಲ್ಲಿ ಗಾಳಿಯು ಹೊಸ ಕೋಣೆಗಳಿಗಿಂತಲೂ, ಯಂತ್ರದಿಂದ ಗಾಳಿ ಒದಗಿಸಿದ ಕೋಣೆಗಳಿಗಿಂತಲೂ ಚೆನ್ನಾಗಿ ಬದಲಾಗುತ್ತಿತ್ತು.

ಹಾಗಾದರೆ ಕಿಟಕಿಯನ್ನು ಬದಲಾಯಿಸಲೇಬಾರದೆ? ಬದಲಾಯಿಸಬೇಕು, ಆದರೆ ಪರೀಕ್ಷಿಸಿ. ಮರದ ಕಿಟಕಿಯ ಕೆಳಪಟ್ಟಿಯ ಮೂಲೆಯಲ್ಲಿ ಮಳೆಯ ನೀರು ನಿಲ್ಲುತ್ತದೆ. ಅಲ್ಲಿ ದಬ್ಬಳವನ್ನು ಒತ್ತಿ ನೋಡಿ. ಕಾಲಂಗುಲ ಸುಲಭವಾಗಿ ಇಳಿದರೆ ಮರ ಕೊಳೆತಿದೆ. ಒಂದು ಪಟ್ಟಿ ಮಾತ್ರ ಕೊಳೆತಿದ್ದರೆ ಬಡಗಿ ಅದೊಂದನ್ನೇ ಕತ್ತರಿಸಿ ಹೊಸದನ್ನು ಕೂಡಿಸಬಲ್ಲನು. ಚೌಕಟ್ಟನ್ನು ತಟ್ಟಿದಾಗ ಪೊಳ್ಳು ಸದ್ದು ಬಂದು ಗೆದ್ದಲಿನ ಮಣ್ಣು ಕಂಡರೆ ತಡಮಾಡಬಾರದು. ಮಳೆಗಾಲದಲ್ಲಿ ರೆಕ್ಕೆ ಬಿಗಿಯಾಯಿತೆಂದು ಕಿಟಕಿಯನ್ನೇ ಕೀಳಿಸುವವರುಂಟು. ಅದು ತೇವವನ್ನು ಹೀರಿ ಮರ ಅಡ್ಡಕ್ಕೆ ಉಬ್ಬಿದ್ದರ ಫಲ. ಜನವರಿಯಲ್ಲಿ ತಾನಾಗಿ ಸಡಿಲವಾಗುತ್ತದೆ. ಕಬ್ಬಿಣದ ಕಿಟಕಿಯ ಸ್ಥಿತಿ ಬೇರೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗವನ್ನು ಬೇಡುತ್ತದೆ. ಅದರ ಒತ್ತಡದಿಂದ ಗಾಜು ಮೂಲೆಯಲ್ಲಿ ಸೀಳುತ್ತದೆ. ಚೌಕಟ್ಟು ಪದರಪದರವಾಗಿ ಎದ್ದು, ರೆಕ್ಕೆ ಮುಚ್ಚದಂತಾಗಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ.

ಶಬ್ದದ ವಿಷಯದಲ್ಲಿ ನಾವು ಸೋಲನ್ನು ಒಪ್ಪಬೇಕು. ಲೇತ್ ಮತ್ತು ಪ್ರೆಸ್ಸುಗಳು ಎದುರುಮನೆಯ ಕೆಳಗೇ ನಡೆಯುವ ಬೀದಿಗಳಲ್ಲಿ, ಓದುವ ಮಕ್ಕಳಿರುವವರು ಬಿಗಿಯಾದ ಹೊಸ ಕಿಟಕಿಯನ್ನು ಬಯಸಿದರೆ ತಪ್ಪೆನ್ನಲಾರೆವು. ಕಿಟಕಿಯ ನೂರರಲ್ಲಿ ಒಂದು ಪಾಲು ಸಂದು ಉಳಿದರೂ ಶಬ್ದದ ತಡೆ 20 ಡೆಸಿಬೆಲ್ ದಾಟದು. ಹಳೆಯ ಮರದ ಕಿಟಕಿಯಲ್ಲಿ ಅಷ್ಟು ಸಂದು ಇದ್ದೇ ಇರುತ್ತದೆ. ಅಂಥವರು ಗಾಳಿಯನ್ನು ಹೊರಹಾಕುವ ಫ್ಯಾನೊಂದನ್ನೂ, ಹೊಸ ಗಾಳಿ ಒಳಬರಲು ಮನೆಯ ಇನ್ನೊಂದು ಕಡೆಯಲ್ಲಿ ಒಂದು ತೆರಪನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಉಳಿದವರು ಹೊಸದನ್ನು ಹಾಕಿಸುವಾಗ ರೆಕ್ಕೆ ತೆರೆಯುವ ಬಗೆಯನ್ನೇ ಕೇಳಲಿ. ಅದು ಅಲ್ಯೂಮಿನಿಯಮ್ಮಿನಲ್ಲೂ ಯುಪಿವಿಸಿಯಲ್ಲೂ ದೊರೆಯುತ್ತದೆ. ಹಳೆಯದನ್ನು ಕೀಳಿಸುವ ಮುನ್ನ ಒಂದು ಸಂಜೆ ಊದುಬತ್ತಿಯನ್ನು ಹಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಕೋಣೆಯ ನಡುವೆ ಇಡಿ. ಹೊಗೆ ಓರೆಯಾಗಿ ಹರಿದುಹೋದರೆ ಆ ಕಿಟಕಿ ತನ್ನ ಕೆಲಸವನ್ನು ಮಾಡುತ್ತಿದೆ.

ನಮ್ಮ ಹಳೆಯ ಕಿಟಕಿಯ ರೆಕ್ಕೆಗಳು ತಾರಸಿಯ ಮೇಲೆ ನೀರಿನ ತೊಟ್ಟಿಗೆ ಒರಗಿಕೊಂಡು ಎರಡು ಮಳೆಗಾಲಗಳನ್ನು ಕಳೆದಿವೆ. ಮೊನ್ನೆ ಅವುಗಳ ಕೆಳಪಟ್ಟಿಗೆ ದಬ್ಬಳವನ್ನು ಒತ್ತಿ ನೋಡಿದೆವು. ಮೊನೆಯೂ ಇಳಿಯಲಿಲ್ಲ.