ಅಚ್ಚು ಸರಿಯಿದ್ದರೆ ಒತ್ತು ಉಳಿದೀತು

ಗುಂಡ್ಲುಪೇಟೆಯಿಂದ ಊಟಿಯ ಕಡೆ ಹೊರಟರೆ ಬಂಡೀಪುರದ ಕಾಡಿಗೆ ಮೊದಲು ಸಿಗುವ ಊರು ಹಂಗಳ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತಾರೆ. ಪ್ರವಾಸಿಗಳಿಗೆ ಇದು ಚೆಂಡುಹೂವಿನ ಹೊಲಗಳ ಸೀಮೆ. ಕಂದಾಯ ಇಲಾಖೆಗೆ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ. ಇಲ್ಲಿನ ರೈತರಿಗೆ ಪಹಣಿ ಬೇಕಾದರೆ ಈಗ ಮೊಬೈಲ್ ಪರದೆಯ ಮೇಲೂ ನೋಡಬಹುದು. ಅದಕ್ಕೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಪಟ್ಟಿಗಳಿಂದ ಒಂದೊಂದಾಗಿ ಹೆಸರು ಆರಿಸಿ, ಕೊನೆಗೊಂದು ಗುಂಡಿ ಒತ್ತಬೇಕು.

ಆ ಪಟ್ಟಿಯ ಪೆಟ್ಟಿಗೆ, ಆ ಗುಂಡಿ ಎಲ್ಲಿಂದ ಬಂದವು? ಪುಟ ಬರೆದವರು ಪ್ರತಿಸಲವೂ ಹೊಸದಾಗಿ ಮಾಡಿರುತ್ತಾರೆ ಎಂದುಕೊಂಡರೆ ಅದು ತಪ್ಪು. ತಂತ್ರಾಂಶಕ್ಕೆ ಎರಡು ಬದಿಗಳಿವೆ. ಬ್ಯಾಂಕಿನ ಒಳಗಿನ ಲೆಕ್ಕದ ಪುಸ್ತಕದಂತೆ ಒಂದು ಹಿಂಬದಿ. ಜನ ಬಂದು ನಿಲ್ಲುವ ಕೌಂಟರಿನಂತೆ ಇನ್ನೊಂದು ಮುಂಬದಿ. ಮುಂಬದಿಗೆ ಬೇಕಾದ ಗುಂಡಿ, ಪೆಟ್ಟಿಗೆ, ಪಟ್ಟಿ, ಎಚ್ಚರಿಕೆಯ ಫಲಕಗಳನ್ನು ಒಮ್ಮೆ ಮಾಡಿಟ್ಟು, ಬೇಕಾದಲ್ಲೆಲ್ಲ ತಂದು ಜೋಡಿಸುವುದು ಈಗಿನ ರೂಢಿ. ಹೀಗೆ ಕೂಡಿಟ್ಟ ಬಿಡಿಭಾಗಗಳ ಭಂಡಾರಕ್ಕೆ ಕಾಂಪೊನೆಂಟ್ ಲೈಬ್ರರಿ ಎಂದು ಹೆಸರು.

ಕನ್ನಡನಾಡಿಗೆ ಈ ಉಪಾಯ ಹೊಸದೇನೂ ಅಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಮಾಡಿದ್ದೂ ಇದನ್ನೇ. ಒಂದೇ ಅಚ್ಚು, ಒಂದೇ ಅಳತೆ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರಬೇಕು. ಮಳೆಗಾಲದಲ್ಲಿ ಒಂದು ಹೆಂಚು ಒಡೆದರೆ ಅದನ್ನಷ್ಟೇ ತೆಗೆದು ಬೇರೊಂದು ಇಟ್ಟರಾಯಿತು, ಮಾಡನ್ನೆಲ್ಲ ಬಿಚ್ಚಬೇಕಿಲ್ಲ. ಆದರೆ ಅಚ್ಚೇ ಸೊಟ್ಟಗಿದ್ದರೆ? ಆಗ ಸೋರುವುದು ಒಂದು ಮನೆಯಲ್ಲ, ಆ ಹೆಂಚು ಹೋದ ಊರೂರಿನ ಮನೆಗಳೆಲ್ಲ. ಬಿಡಿಭಾಗಗಳ ಭಂಡಾರದ ಲಾಭವೂ ಅಪಾಯವೂ ಇದೊಂದರಲ್ಲೇ ಇದೆ.

ವೆಬ್ ಲೋಕದಲ್ಲಿ ಇದಕ್ಕೆ ದೊಡ್ಡ ಚಾಲನೆ ಸಿಕ್ಕಿದ್ದು 2011ರಲ್ಲಿ. ಟ್ವಿಟರ್ ಕಂಪನಿಯಲ್ಲಿದ್ದ ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ತಮ್ಮ ಕೆಲಸಕ್ಕೆಂದು ಮಾಡಿಕೊಂಡಿದ್ದ ಬೂಟ್‌ಸ್ಟ್ರಾಪ್ ಎಂಬ ಭಂಡಾರವನ್ನು ಆ ವರ್ಷ ಎಲ್ಲರಿಗೂ ಬಿಟ್ಟುಕೊಟ್ಟರು. 2013ರಲ್ಲಿ ಫೇಸ್‌ಬುಕ್ ತನ್ನ ರಿಯಾಕ್ಟ್ ಅನ್ನು ಹೊರಗಿಟ್ಟಿತು. ಬ್ರಿಟನ್ ಸರ್ಕಾರ ತನ್ನ ಇಲಾಖೆಗಳಿಗೆಲ್ಲ ಒಂದೇ ವಿನ್ಯಾಸ ಭಂಡಾರವನ್ನು 2018ರಲ್ಲಿ ತೆರೆಯಿತು. ನಮ್ಮ ಕೇಂದ್ರ ಸರ್ಕಾರವೂ ಯುಎಕ್ಸ್‌ಫೋರ್‌ಜಿ ಎಂಬ ಹೆಸರಿನಲ್ಲಿ ಅಂಥದೊಂದನ್ನು ಇಟ್ಟುಕೊಂಡಿದೆ. ಬೆಂಗಳೂರಿನ ರೇಜರ್‌ಪೇ ಕಂಪನಿ ತನ್ನ ಬ್ಲೇಡ್ ಭಂಡಾರವನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯಕ್ಕೂ ಇಂಗ್ಲಿಷ್ ವಿಕಿಪೀಡಿಯಕ್ಕೂ ಕೋಡೆಕ್ಸ್ ಎಂಬ ಭಂಡಾರದ ಗುಂಡಿಗಳೇ ಒದಗುತ್ತವೆ.

ಇವುಗಳಲ್ಲಿ ಹೆಚ್ಚಿನವುಗಳ ಮೊದಲ ಅಚ್ಚನ್ನು ಕೊರೆದದ್ದು ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟುಕೊಂಡು. ಕನ್ನಡದ ಪಾಡು ಶುರುವಾಗುವುದು ಇಲ್ಲಿಂದ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಇಂಗ್ಲಿಷಿಗೆ ಹೊಲಿದ ಬಿಗಿಯಾದ ಪೆಟ್ಟಿಗೆಯೊಂದರಲ್ಲಿ ‘ಹಂಗಳ’ ಎಂದು ಬರೆಯಿರಿ. ತೊಂದರೆಯಿಲ್ಲ, ಚೆನ್ನಾಗಿ ಕೂರುತ್ತದೆ. ಬೇಗೂರು, ತೆರಕಣಾಂಬಿ ಕೂಡ ಪಾಸು. ಈಗ ‘ಗುಂಡ್ಲುಪೇಟೆ’ ಎಂದು ಬರೆಯಿರಿ. ಡಕಾರದ ಕೆಳಗಿನ ಲ ಒತ್ತು ಪೆಟ್ಟಿಗೆಯ ತಳಕ್ಕೆ ತಾಗಿ ಕತ್ತರಿಸಿಹೋಗಬಹುದು. ಓದುವವರಿಗೆ ಉಳಿಯುವುದು ಗುಂಡುಪೇಟೆ! ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ, ಇಳಿಯುವುದೂ ಸ್ವಲ್ಪವೇ. ಕನ್ನಡದಲ್ಲಿ ಒತ್ತಕ್ಷರಕ್ಕೆ ಕೆಳಗೆ ಒಂದು ಅಂತಸ್ತೇ ಬೇಕು. ಅದೂ ಫಾಂಟಿನಿಂದ ಫಾಂಟಿಗೆ ಬೇರೆ: ವಿಂಡೋಸಿನ ತುಂಗಾದಲ್ಲಿ ಒಂದು ಅಳತೆ, ಗೂಗಲ್ಲಿನ ನೋಟೊದಲ್ಲಿ ಇನ್ನೊಂದು.

ಎತ್ತರದ್ದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದಿದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅಲ್ಲಿ ಜಾಗವಿದೆ. ಆದರೆ ಕಂಪ್ಯೂಟರು ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲ, ವ್ಯಂಜನ, ಸ್ವರಚಿಹ್ನೆ, ಹಲಂತಗಳ ಸಂಕೇತಗಳನ್ನು. ಗುಂಡ್ಲುಪೇಟೆ ನಮ್ಮ ಲೆಕ್ಕದಲ್ಲಿ 4 ಅಕ್ಷರ. ಅದರ ಲೆಕ್ಕದಲ್ಲಿ 11. ‘ಮಲ್ಲಿಕಾರ್ಜುನಸ್ವಾಮಿ’ ನಮಗೆ 7, ಅದಕ್ಕೆ 18. ಹೆಸರಿನ ಪೆಟ್ಟಿಗೆಗೆ 15ರ ಮಿತಿ ಹಾಕಿದ್ದರೆ ‘ಮಲ್ಲಿಕಾರ್ಜುನಸ್ವ’ ಎಂಬಲ್ಲಿಗೆ ಬೆರಳು ನಿಂತುಹೋಗುತ್ತದೆ. ಪಹಣಿಯಲ್ಲೊಂದು ಹೆಸರು, ಬೆಳೆ ವಿಮೆಯ ಅರ್ಜಿಯಲ್ಲೊಂದು ಹೆಸರು ಆದರೆ ಮುಂದಿನ ಅಲೆದಾಟ ಯಾರದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದ ಪಹಣಿಗಳೇ ಸುಮಾರು 2 ಕೋಟಿ. ಇಷ್ಟೊಂದು ಹೆಸರುಗಳಿರುವ ನಾಡಿನಲ್ಲಿ ಪೆಟ್ಟಿಗೆಯ ಅಳತೆ ಕ್ಷುಲ್ಲಕ ಸಂಗತಿಯಲ್ಲ.

ಹಾಗಾದರೆ ಭಂಡಾರವನ್ನು ಸರಿಯಾಗಿ ಕಟ್ಟುವುದು ಹೇಗೆ?

ಮೊದಲ ಕೆಲಸ ಜಪ್ತಿ ಪಟ್ಟಿಯಂಥದು. ಈಗಿರುವ ಪುಟಗಳಲ್ಲಿ ಎಷ್ಟು ಬಗೆಯ ಗುಂಡಿಗಳಿವೆ, ಎಷ್ಟು ಬಗೆಯ ನೀಲಿ ಬಣ್ಣಗಳಿವೆ ಎಂದು ಗುರುತು ಹಾಕಿಕೊಳ್ಳಬೇಕು. ಒಂದೇ ಕಚೇರಿಯ ಪುಟಗಳಲ್ಲಿ ‘ಸಲ್ಲಿಸಿ’ ಎಂಬ ಗುಂಡಿ ಹತ್ತು ವೇಷದಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಅವುಗಳಲ್ಲಿ ಒಂದನ್ನು ಉಳಿಸಿ ಉಳಿದವನ್ನು ಕೈಬಿಡಬೇಕು.

ಎರಡನೆಯದು ಬಣ್ಣ, ಅಂತರ, ಅಕ್ಷರದ ಗಾತ್ರಗಳಿಗೆ ಹೆಸರಿಡುವುದು. ಇವಕ್ಕೆ ಡಿಸೈನ್ ಟೋಕನ್ ಎನ್ನುತ್ತಾರೆ. ‘ಎಚ್ಚರಿಕೆಯ ಕೆಂಪು’ ಎಂದು ಒಂದು ಕಡೆ ಬರೆದಿಟ್ಟು ಉಳಿದೆಡೆ ಆ ಹೆಸರನ್ನೇ ಕರೆದರೆ, ನಾಳೆ ಬಣ್ಣ ಬದಲಿಸಲು ಒಂದು ಸಾಲು ತಿದ್ದಿದರೆ ಸಾಕು. ಗೆರೆಯ ಎತ್ತರಕ್ಕೂ ಇಂಥದೇ ಹೆಸರು ಬೇಕು. ಕನ್ನಡಕ್ಕೆ ಒಂದು, ಇಂಗ್ಲಿಷಿಗೆ ಒಂದು.

ಮೂರನೆಯದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದು. ಅಮೆರಿಕದ ವಿನ್ಯಾಸಕಾರ ಬ್ರ್ಯಾಡ್ ಫ್ರಾಸ್ಟ್ 2013ರಲ್ಲಿ ಇದನ್ನು ಪರಮಾಣು, ಅಣು, ಜೀವಿ ಎಂಬ ರಸಾಯನಶಾಸ್ತ್ರದ ಭಾಷೆಯಲ್ಲಿ ವಿವರಿಸಿದರು. ನಾವು ಅಕ್ಷರ, ಪದ, ವಾಕ್ಯ ಎಂದುಕೊಳ್ಳಬಹುದು. ಗುಂಡಿ ಅಕ್ಷರ, ಹೆಸರು, ಪೆಟ್ಟಿಗೆ, ಗುಂಡಿ ಸೇರಿದರೆ ಪದ, ಇಡೀ ಅರ್ಜಿ ವಾಕ್ಯ. ಗುಂಡಿಯೊಂದಕ್ಕೂ ಅವಸ್ಥೆಗಳು ಹಲವು: ಸುಮ್ಮನಿರುವಾಗ, ಒತ್ತಿದಾಗ, ಒತ್ತಲಾಗದಂತೆ ಮಂಕಾದಾಗ, ಕೆಲಸ ನಡೆಯುತ್ತಿರುವಾಗ, ತಪ್ಪಾದಾಗ. ಇವೆಲ್ಲವನ್ನೂ ಮೊದಲೇ ಮಾಡಿಡಬೇಕು. ಇಲ್ಲವಾದರೆ ನೆಟ್‌ವರ್ಕ್ ನಿಧಾನವಿರುವ ಕಾಡಂಚಿನ ಊರಿನಲ್ಲಿ ಜನ ‘ಆಯಿತೋ ಇಲ್ಲವೋ’ ಎಂದು ಒಂದೇ ಗುಂಡಿಯನ್ನು ಐದು ಸಲ ಒತ್ತುತ್ತಾರೆ.

ಬಿಡಿಭಾಗದೊಳಗೆ ಮಾಹಿತಿಯನ್ನು ಹೂತಿಡಬಾರದು ಎಂಬುದು ನಾಲ್ಕನೆಯ ನಿಯಮ. 1997ಕ್ಕೆ ಮೊದಲು ಹಂಗಳ ಮೈಸೂರು ಜಿಲ್ಲೆಯಲ್ಲಿತ್ತು, ಆ ವರ್ಷ ಚಾಮರಾಜನಗರ ಜಿಲ್ಲೆಗೆ ಸೇರಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಜಿಲ್ಲೆಗಳ ಹೆಸರನ್ನು ಪೆಟ್ಟಿಗೆಯೊಳಗೇ ಬರೆದಿಟ್ಟರೆ ಪ್ರತಿಸಲ ಪೆಟ್ಟಿಗೆಯನ್ನೇ ಒಡೆಯಬೇಕು. ಪೆಟ್ಟಿಗೆ ಪೆಟ್ಟಿಗೆಯಾಗಿರಲಿ, ಪಟ್ಟಿ ಹೊರಗಿನಿಂದ ಬರಲಿ.

ಐದನೆಯದು ಒರೆಗಲ್ಲು. ಬಿಡಿಭಾಗಗಳನ್ನು ಒಂದೊಂದಾಗಿ ಇಟ್ಟು ನೋಡಲು ಸ್ಟೋರಿಬುಕ್ ಎಂಬ ಸಾಧನವಿದೆ. 2016ರಲ್ಲಿ ಅದನ್ನು ಆರಂಭಿಸಿದವರು ನೆರೆಯ ಶ್ರೀಲಂಕಾದ ಅರುಣೋದ ಸುಸಿರಿಪಾಲ. ಅಲ್ಲಿ ಪರೀಕ್ಷೆಗೆಂದು ಇಡುವ ಪದ ‘ಹಂಗಳ’ ಮಾತ್ರ ಆದರೆ ಸಾಲದು, ‘ಗುಂಡ್ಲುಪೇಟೆ’ ಇರಲೇಬೇಕು; ‘ಸ್ತ್ರೀ’, ‘ರಾಷ್ಟ್ರೀಯ’ ಇದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಗೆ ಗಟ್ಟಿ ಎತ್ತರ ಕಟ್ಟದೆ ಕನಿಷ್ಠ ಎತ್ತರವನ್ನಷ್ಟೇ ಹೇಳಿ, ಪದ ಬೆಳೆದಂತೆ ಬೆಳೆಯಲು ಬಿಡಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಸೂತ್ರ. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವವರಿಗೆ ಅದರ ಬೆಲೆ ಗೊತ್ತು. ಪುಟದ ಭಾಷೆ ಕನ್ನಡ ಎಂದು ಸಂಕೇತದಲ್ಲಿ ಗುರುತಿಸಿದರೆ ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡವೆಂದು ತಿಳಿಯುತ್ತದೆ.

ಕೊನೆಯದು ಆವೃತ್ತಿಯ ಶಿಸ್ತು. ಭಂಡಾರಕ್ಕೆ ಮೂರು ಅಂಕಿಯ ಗುರುತು ಹಾಕುವ ಪದ್ಧತಿಯಿದೆ. ಸಣ್ಣ ದುರಸ್ತಿಗೆ ಕೊನೆಯ ಅಂಕಿ, ಹೊಸ ಸೌಲಭ್ಯಕ್ಕೆ ನಡುವಿನದು, ಹಳೆಯ ಪುಟಗಳನ್ನು ಕೆಡಿಸಬಹುದಾದ ಬದಲಾವಣೆಗೆ ಮೊದಲನೆಯದು ಏರುತ್ತದೆ. ಇದನ್ನು ನೋಡಿಯೇ ಪುಟ ಬರೆಯುವವರು ಹೊಸದನ್ನು ತರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಬೇರೆಯವರ ಬಿಡಿಭಾಗವನ್ನು ನೆಚ್ಚಿಕೊಂಡರೆ ಏನಾಗುತ್ತದೆಂಬುದು 2016ರ ಮಾರ್ಚ್‌ನಲ್ಲಿ ಜಗತ್ತಿಗೇ ತಿಳಿಯಿತು. ಲೆಫ್ಟ್‌ಪ್ಯಾಡ್ ಎಂಬ ಕೇವಲ 11 ಸಾಲಿನ ತುಣುಕನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ದೊಡ್ಡ ದೊಡ್ಡ ಕಂಪನಿಗಳ ಕೆಲಸ ಕೆಲವು ಗಂಟೆ ನಿಂತುಹೋಯಿತು.

ಇಷ್ಟೆಲ್ಲ ಮಾಡಲು ಕೋಟಿ ರೂಪಾಯಿ ಬೇಕಿಲ್ಲ. ಭಂಡಾರ ಕಟ್ಟುವ ಮೇಜಿನ ಸುತ್ತ ಕನ್ನಡ ಓದಬಲ್ಲವರೊಬ್ಬರು ಮೊದಲ ದಿನದಿಂದಲೇ ಇರಬೇಕು, ಅಷ್ಟೆ. ಪುಟಗಳೆಲ್ಲ ತಯಾರಾದ ಮೇಲೆ ಅನುವಾದಕರನ್ನು ಕರೆಸಿದರೆ ಅವರು ಪದವನ್ನು ಬದಲಿಸಬಲ್ಲರು, ಪೆಟ್ಟಿಗೆಯನ್ನಲ್ಲ. ಆಗ ಇಕ್ಕಟ್ಟಿಗೆ ತಕ್ಕಂತೆ ಕನ್ನಡವನ್ನೇ ಮೊಟಕು ಮಾಡುವ ಕೆಲಸ ಶುರುವಾಗುತ್ತದೆ. ಅಚ್ಚಿನಲ್ಲಿ ಒಮ್ಮೆ ಸರಿಪಡಿಸಿದ ಒತ್ತಾದರೋ ಜಿಲ್ಲೆ, ತಾಲ್ಲೂಕು, ಹೋಬಳಿಗಳ ಎಲ್ಲ ಪುಟಗಳಲ್ಲೂ ತಾನಾಗಿಯೇ ಉಳಿಯುತ್ತದೆ. ತನ್ನ ಹೆಸರನ್ನು ಪೂರ್ತಿಯಾಗಿ ಬರೆಯಲು ಯಾರೂ ಕಚೇರಿಯ ಮೆಟ್ಟಿಲು ಹತ್ತಬೇಕಾಗುವುದಿಲ್ಲ.